ಗೋಡೆಯ ಎರಡು ಬದಿಯ ಗುಲಾಬಿ

ಜನವರಿ 12

ಗಿಡಗಳ ವಿಷಯಕ್ಕಷ್ಟೇ ಬರೆಯುತ್ತಿದ್ದೇನೆ. ಬೇರೆ ಅರ್ಥ ಹುಡುಕಬೇಡ. ಜೈಲಿಗೆ ನೋಡಲು ಬರಬೇಡ ಎಂದದ್ದು ಹಾಗೆಯೇ ಇದೆ.

ಈ ತಿಂಗಳು ಮುಗಿಯುವುದರೊಳಗೆ ಗುಲಾಬಿಗಳನ್ನು ಸವರಬೇಕು. ತಡವಾದರೆ ಗಿಡ ಚಿಗುರಿಗೆಂದು ಕೂಡಿಟ್ಟದ್ದೆಲ್ಲ ಕತ್ತರಿಯ ಪಾಲಾಗುತ್ತದೆ. ಶೆಡ್ಡಿನಲ್ಲಿ ಕೆಂಪು ಹಿಡಿಯ ಕತ್ತರಿ ಇದೆ, ಅದನ್ನೇ ತೆಗೆದುಕೋ. ಅಡುಗೆಮನೆಯದನ್ನು ತರಬೇಡ. ಒಂದು ಗಿಡ ಮುಗಿದ ಮೇಲೆ ಸ್ಪಿರಿಟ್ಟಿನಲ್ಲಿ ಒರೆಸಿ ಇನ್ನೊಂದಕ್ಕೆ ಹೋಗು.

ಮೊದಲು ಒಣಗಿದ ಕೊಂಬೆ ತೆಗೆ. ಆಮೇಲೆ ಒಂದಕ್ಕೊಂದು ಉಜ್ಜುತ್ತಿರುವವನ್ನು. ಉಳಿದದ್ದರಲ್ಲಿ ಮೂರನೇ ಒಂದು ಪಾಲು ಹೋದರೆ ಸಾಕು. ಇವು ಇಂಗ್ಲಿಷ್ ಗುಲಾಬಿ, ಹೂವಿನಂಗಡಿಯ ಉದ್ದ ಕಾಂಡದ ಗುಲಾಬಿಯಲ್ಲ. ಮೊಣಕಾಲಿನ ಎತ್ತರಕ್ಕೆ ಬೋಳಿಸಿದರೆ ಎಳೆ ಕೊಂಬೆ ಹೂವಿನ ಭಾರ ತಡೆಯದೆ ನೆಲಕ್ಕೆ ಬಾಗುತ್ತದೆ. ಚಿಗುರಿನ ಕಣ್ಣು ಹೊರಮುಖವಾಗಿರುವ ಕಡೆ, ಅದರ ಸ್ವಲ್ಪ ಮೇಲೆ, ಓರೆಯಾಗಿ ಕತ್ತರಿಸು. ಕಣ್ಣು ಒಳಮುಖವಾಗಿದ್ದರೆ ಕೊಂಬೆ ಒಳಗೇ ಬೆಳೆದು ಗಾಳಿ ಆಡದೆ ರೋಗ ಬರುತ್ತದೆ.

ಗೋಡೆಯ ಪಕ್ಕದ ಏಪ್ರಿಕಾಟ್ ಬಣ್ಣದ ದೊರೆಸಾನಿಗೆ ಮುಲಾಜು ನೋಡಬೇಡ, ಕತ್ತರಿಸಿದಷ್ಟೂ ಅವಳಿಗೆ ಜಂಬ. ಕಡುಗೆಂಪಿನ ಮುಂಗೋಪಿ ಪರಚುತ್ತಾನೆ, ಉದ್ದ ತೋಳಿನ ಅಂಗಿ ಹಾಕಿಕೋ. ಬಿಳಿಯದಕ್ಕೆ ಈ ವರ್ಷ ಒಣಕೊಂಬೆ ಮಾತ್ರ ತೆಗೆ.

ಆದ ಮೇಲೆ ತಿಳಿಸು.

— ನಾನು

*

ಜನವರಿ 29

ನಿಮಗೆ,

ಸವರಿದ್ದಾಯಿತು. ಭಾನುವಾರ ಪೂರ್ತಿ ಹಿಡಿಯಿತು. ಅಂಗಡಿಯಲ್ಲಿ ದಿನವಿಡೀ ಕನ್ನಡಕದ ಗಾಜು ಉಜ್ಜುವ ಕೈ ಇದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಗೊತ್ತಾಗುತ್ತದೆ. ಆದರೂ ಮೊದಲ ಕೊಂಬೆಗೆ ಕತ್ತರಿ ಇಟ್ಟಾಗ ಕಣ್ಣು ಮುಚ್ಚಿಕೊಂಡೆ. ಉದ್ದ ತೋಳಿನ ಅಂಗಿಯನ್ನೂ ಮುಂಗೋಪಿ ಬಿಡಲಿಲ್ಲ.

ನಾನು ಗಿಡಗಳ ಮಧ್ಯೆ ಇದ್ದಷ್ಟು ಹೊತ್ತೂ ಪಕ್ಕದ ಮನೆಯ ಕಿಟಕಿಯಲ್ಲಿ ಮೇಷ್ಟ್ರ ಹೆಂಡತಿ ನಿಂತಿದ್ದರು. ಇಷ್ಟು ವರ್ಷ ಬಾಯ್ತುಂಬ ಅಕ್ಕ ಎನ್ನುತ್ತಿದ್ದೆ. ಈಗ ಏನೆನ್ನಬೇಕೋ ತಿಳಿಯದೆ ಏನೂ ಅನ್ನುತ್ತಿಲ್ಲ. ಮೊನ್ನೆ ಗೇಟಿನಲ್ಲಿ ಎದುರಾದರು. "ಸ್ವಲ್ಪ ಸರ್ಕೊಳ್ಳಿ" ಅಂದರು. "ಏನೇ, ಇಷ್ಟು ಬೇಗ ಹೊರಟೆಯಾ" ಅನ್ನುತ್ತಿದ್ದ ಬಾಯಿ ಅದು. ಬೈದಿದ್ದರೂ ತಡೆದುಕೊಳ್ಳುತ್ತಿದ್ದೆ. ಬಹುವಚನ ಕೇಳಿ ಮನೆಯೊಳಗೆ ಬಂದು ಕೂತುಬಿಟ್ಟೆ.

ಮೇಷ್ಟ್ರ ಕಡೆಯ ಸಾಲು ಕಾಡು ಬಿದ್ದಿದೆ. ನೀವಿಬ್ಬರೂ ಒಂದೇ ಚಳಿಗಾಲದಲ್ಲಿ ಒಂದೇ ನರ್ಸರಿಯಿಂದ ತರಿಸಿ ಗೋಡೆಯ ಆಚೆ ಈಚೆ ನೆಟ್ಟ ಗಿಡಗಳು. ಯಾರ ಕಡೆ ಮೊದಲು ಹೂ ಬಿಡುತ್ತದೆ ಎಂದು ಪ್ರತಿ ವರ್ಷ ಮಕ್ಕಳ ಹಾಗೆ ಜಗಳವಾಡುತ್ತಿದ್ದಿರಿ. ಮೇಷ್ಟ್ರ ಹೆಂಡತಿಗೆ ಕತ್ತರಿ ಹಿಡಿಯಲು ಬರುವುದಿಲ್ಲ. ತೋಟ ಏನಿದ್ದರೂ ಮೇಷ್ಟ್ರದ್ದೇ ಆಗಿತ್ತು.

ನೀವು ಬರೆಯದೆ ಬಿಟ್ಟದ್ದನ್ನು ನಾನೇ ಬರೆಯುತ್ತೇನೆ. ವ್ಯಾನನ್ನು ಹಿಂದಕ್ಕೆ ತೆಗೆಯುವಾಗ ನಿಮ್ಮ ಕೈಯಲ್ಲಿ ಫೋನಿತ್ತೇ ಎಂದು ನ್ಯಾಯಾಲಯದಲ್ಲಿ ಕೇಳಿದರು. ಇತ್ತು ಎಂದೆ. ಜೇಬಿನಲ್ಲಿತ್ತು ಎಂದು ನೀವು ಆಗಲೇ ಹೇಳಿದ್ದಿರಿ. ಬಾಗಿಲಲ್ಲಿ ನಿಂತು ನೋಡಿದವಳು ನಾನೊಬ್ಬಳೇ. ಫೋನಿನಲ್ಲಿ ಯಾವುದೋ ಫ್ರಿಜ್ಜಿನ ರಿಪೇರಿಯ ವಿಷಯಕ್ಕೆ ನೀವು ನಗುತ್ತಿದ್ದಿರಿ. ಮೇಷ್ಟ್ರು ಗೊಬ್ಬರದ ಬಕೆಟ್ ಹಿಡಿದು ವ್ಯಾನಿನ ಹಿಂದೆ ಬಂದದ್ದು ನನಗೆ ಕಂಡಿತು, ನಿಮಗೆ ಕಾಣಲಿಲ್ಲ. ನಾನು ಕೂಗುವಷ್ಟರಲ್ಲಿ ಆಗಿಹೋಗಿತ್ತು.

ಇಂತಿ,
ಮನೆಯವಳು

*

ಫೆಬ್ರವರಿ 17

ಬಿಳಿಯದಕ್ಕೆ ಏನು ಮಾಡಿದೆ ಎಂದು ಬರೆದೇ ಇಲ್ಲ. ಕೇಳಿದ್ದನ್ನು ಬಿಟ್ಟು ಕೇಳದ್ದನ್ನು ಹೇಳುವುದು ನಿನಗೆ ಅಭ್ಯಾಸವಾಗಿದೆ.

ನಡೆದದ್ದು ನನಗೂ ಗೊತ್ತು. ಮೇಷ್ಟ್ರು ನನಗೆ ಅಣ್ಣನಿಗಿಂತ ಹೆಚ್ಚಾಗಿದ್ದರು ಎಂಬುದು ನಿನಗೂ ಗೊತ್ತು. ಆ ಒಂದು ಮಾತನ್ನು ನೀನು ನುಂಗಿಕೊಂಡಿದ್ದರೆ ಅವರೇನು ಎದ್ದು ಬರುತ್ತಿದ್ದರೇ? ಇಲ್ಲ. ನಾನು ಮಾತ್ರ ಇಲ್ಲಿ ಇರುತ್ತಿರಲಿಲ್ಲ. "ನೆನಪಿಲ್ಲ" ಎಂದಿದ್ದರೆ ಸಾಕಿತ್ತು. ಸುಳ್ಳು ಹೇಳು ಎಂದು ನಾನು ಕೇಳಿರಲಿಲ್ಲ.

ಗೋಡೆಯಾಚೆಯ ಗಿಡಗಳ ತಂಟೆ ನಿನಗೆ ಬೇಡ. ನೋಡಿದ್ದು ಸಾಕು.

ಚಿಗುರು ಬೆರಳುದ್ದ ಬಂದ ಮೇಲೆ ಬುಡಕ್ಕೆ ಹಳೆಯ ಗೊಬ್ಬರ ಹಾಕು, ಕಾಂಡಕ್ಕೆ ತಾಗಿಸಬೇಡ.

— ನಾನು

*

ಮಾರ್ಚ್ 20

ನಿಮಗೆ,

ಬಿಳಿಯದಕ್ಕೆ ಒಣಕೊಂಬೆ ಮಾತ್ರ ತೆಗೆದಿದ್ದೇನೆ. ಎಲ್ಲಕ್ಕಿಂತ ಮೊದಲು ಚಿಗುರಿದ್ದು ಅದೇ. ಚಿಗುರು ಎಲೆಯ ಹಾಗಿಲ್ಲ, ಕಂದು ಕೆಂಪು.

"ನೆನಪಿಲ್ಲ" ಎನ್ನುವುದೂ ಸುಳ್ಳೇ. ಅವತ್ತು ನ್ಯಾಯಾಲಯದಲ್ಲಿ ಎದುರಿನ ಬೆಂಚಿನಲ್ಲಿ ಮೇಷ್ಟ್ರ ಹೆಂಡತಿ ಕೂತಿದ್ದರು. ತಮ್ಮ ಗಂಡನೇ ಎಡವಿ ಚಕ್ರಕ್ಕೆ ಸಿಕ್ಕರೇನೋ ಎಂಬ ಅನುಮಾನ ಹೊತ್ತು ಅವರು ಉಳಿದ ಆಯಸ್ಸು ಕಳೆಯಬೇಕಾಗಿತ್ತೇ? ನಿಮ್ಮ ವಕೀಲರು ಹೇಳುತ್ತಿದ್ದುದು ಅದನ್ನೇ ತಾನೆ? ಇದನ್ನು ಒಮ್ಮೆ ಬರೆದಿದ್ದೇನೆ. ಮತ್ತೆ ಮತ್ತೆ ಬರೆಯುವುದಿಲ್ಲ.

ಆಚೆ ಕಡೆ ನೋಡಬೇಡ ಎಂದಿರಿ. ನಾನು ನೋಡಲಿಲ್ಲ, ಅವರೇ ಗೋಡೆಯ ಹತ್ತಿರ ಬಂದರು. ಮೇಷ್ಟ್ರ ಅಂಗಿ ತೊಟ್ಟು ತೋಳು ಮಡಚಿಕೊಂಡಿದ್ದರು. ಕೈಯಲ್ಲಿ ಕತ್ತರಿ.

"ಇದನ್ನ ಎಲ್ಲಿಗೆ ಕತ್ತರಿಸ್ಬೇಕು?"

"ಕಣ್ಣು ಹೊರಗಡೆ ನೋಡ್ತಿರೋ ಕಡೆ," ಅಂದೆ.

"ಯಾರು ಹೇಳ್ಕೊಟ್ರು ನಿಮಗೆ?"

ಬಗ್ಗಿ ಒಣ ಎಲೆ ಹೆಕ್ಕತೊಡಗಿದೆ. ಅವರೂ ಬಿಡಲಿಲ್ಲ, ಹಾಗೇ ನಿಂತರು. ಕೊನೆಗೆ, "ನಮ್ಮನೆಯವರು. ಕಾಗದದಲ್ಲಿ ಬರೆದಿದ್ರು," ಅಂದೆ. ಕತ್ತರಿಯನ್ನು ಗೋಡೆಯ ಮೇಲಿಟ್ಟು ಒಳಗೆ ಹೋದರು. ಮುಗಿಯಿತು ಎಂದುಕೊಂಡೆ. ಸ್ವಲ್ಪ ಹೊತ್ತಿಗೆ ಮತ್ತೆ ಬಂದರು, ಮುಖ ತೊಳೆದುಕೊಂಡಿದ್ದರು. "ತಗೊಂಡ್ಬಂದು ಓದಿ. ಗಿಡದ್ದು ಮಾತ್ರ."

ಓದಿದೆ. ದೊರೆಸಾನಿಯ ಜಂಬದ ಮಾತು ಬಂದಾಗ, "ಇವ್ರೂ ಹಾಗೇ ಅಂತಿದ್ರು," ಅಂದರು. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿತೇನೋ, "ನಿಧಾನಕ್ಕೆ ಓದಿ" ಎಂದು ಗದರಿದರು. ತಡವಾಗಿ ಸವರಿದ್ದು. ಗಿಡ ಉಳಿಯುತ್ತದೋ ಇಲ್ಲವೋ ನೀವೇ ಹೇಳಬೇಕು.

ಇಂತಿ,
ಮನೆಯವಳು

*

ಏಪ್ರಿಲ್ 8

ನನ್ನ ಕಾಗದವನ್ನು ಅವರ ಎದುರಿಗೆ ಓದಿದೆಯಾ? ನನ್ನನ್ನು ಒಂದು ಮಾತು ಕೇಳಬೇಕು ಅನ್ನಿಸಲಿಲ್ಲವೇ? ನಿನ್ನ ಕಾಗದ ಓದಿದ ದಿನದಿಂದ ನನಗೆ ನಿದ್ದೆ ಸರಿಯಾಗಿಲ್ಲ. ಅವರ ಕೈಗೆ ನನ್ನ ಮಾತು, ಅದೂ ಮೇಷ್ಟ್ರ ಗಿಡಕ್ಕೆ.

ಗಿಡ ಉಳಿಯುತ್ತದೆ. ಹೂ ಈ ಸಲ ತಡ, ಅಷ್ಟೇ. ಬುಡದಲ್ಲಿ, ಕಸಿಯ ಗಂಟಿಗಿಂತ ಕೆಳಗಿನಿಂದ, ಉದ್ದಕ್ಕೆ ತಿಳಿಹಸಿರು ಕೊಂಬೆ ಎದ್ದಿದ್ದರೆ ಅದು ಕಾಡುಬೇರಿನದು. ನೋಡಲು ಹುರುಪಾಗಿರುತ್ತದೆ, ಮೋಸ ಹೋಗಬಾರದು. ಬಿಟ್ಟರೆ ಕಸಿಯ ಗುಲಾಬಿಯನ್ನೇ ತಿಂದುಹಾಕುತ್ತದೆ. ಕತ್ತರಿಸಿದರೆ ಮತ್ತೆ ಬರುತ್ತದೆ. ಮಣ್ಣು ಸರಿಸಿ ಬೇರಿನಿಂದಲೇ ಕಿತ್ತು ತೆಗೆಯಬೇಕು.

ಇನ್ನೊಂದು ವಿಷಯ. ಅವಧಿಗೆ ಮೊದಲೇ ಬಿಡುಗಡೆಗೆ ಅರ್ಜಿ ಹಾಕಿದ್ದೇನೆ. ಇಲ್ಲಿನವರು ನನ್ನ ನಡತೆಗೆ ಒಳ್ಳೆಯ ಮಾತು ಬರೆದಿದ್ದಾರೆ. ಆದರೆ ಅಧಿಕಾರಿ ಮೇಷ್ಟ್ರ ಮನೆಗೂ ಬಂದು ಕೇಳುತ್ತಾರೆ. ಅವರು "ನನ್ನ ಅಡ್ಡಿಯಿಲ್ಲ" ಎಂದರೆ ಬೇಸಿಗೆ ಮುಗಿಯುವುದರೊಳಗೆ ಮನೆಯಲ್ಲಿರುತ್ತೇನೆ. ಈಗ ನೀವಿಬ್ಬರೂ ಮಾತಾಡುತ್ತೀರಲ್ಲ. ಸಮಯ ನೋಡಿ ನೀನು ಒಂದು ಮಾತು ಹೇಳು. ಬೇಡದ ಕಡೆ ಬಾಯಿ ಬಿಟ್ಟಿದ್ದೆ, ಬೇಕಾದ ಕಡೆ ಬಿಡು.

— ನಾನು

*

ಏಪ್ರಿಲ್ 25

ನಿಮಗೆ,

ಕಾಡುಬೇರಿನ ಕೊಂಬೆ ಆಚೆಯ ಸಾಲಿನಲ್ಲೇ ಎದ್ದಿತ್ತು. ಅವರು ಇದೇ ಚೆನ್ನಾಗಿ ಬಂದಿದೆ ಎಂದು ಅದಕ್ಕೆ ಕೋಲು ಕಟ್ಟಿ ನಿಲ್ಲಿಸಿದ್ದರು! ನಾನು ಹೇಳಿದಾಗ ನಂಬಲಿಲ್ಲ. ಆಮೇಲೆ ಇಬ್ಬರೂ ಮಣ್ಣು ಸರಿಸಿ ಕಿತ್ತೆವು. ಹೌದು, ನಾನು ಗೋಡೆ ದಾಟಿ ಆಚೆ ಹೋದೆ. ಅವರೇ ಕರೆದರು.

ನೀವು ಹೇಳಿದ ಮಾತನ್ನು ಅವರಿಗೆ ಹೇಳುವುದಿಲ್ಲ.

ನೀವು ಬೇಗ ಬರುವುದು ನನಗೆ ಬೇಡವಾಗಿ ಅಲ್ಲ. ಸಂಜೆ ಅಂಗಡಿಯಿಂದ ಬಂದು ಬೀಗ ತೆಗೆದಾಗ ಮನೆ ಹೇಗಿರುತ್ತದೆ ಎಂದು ನಿಮಗೆ ಬರೆದಿಲ್ಲ, ಬರೆಯುವುದೂ ಇಲ್ಲ. ಆದರೆ ಅವರು ಗೋಡೆಯ ಹತ್ತಿರ ಬಂದದ್ದು ಗಿಡಕ್ಕಾಗಿ. ಬಂದವರ ಕೈಗೆ ನಾನು ಅರ್ಜಿ ಕೊಟ್ಟರೆ, ಇಷ್ಟು ದಿನ ಹೇಳಿಕೊಟ್ಟದ್ದೆಲ್ಲ ಇದಕ್ಕೇ ಎಂದಾಗುತ್ತದೆ. ಅವರು ಒಪ್ಪಿದರೂ ಅದು ನನ್ನ ಮುಖ ನೋಡಿ ಒಪ್ಪಿದ್ದಾಗುತ್ತದೆ. ಆ ಉಪಕಾರದ ಪಕ್ಕದಲ್ಲಿ ದಿನವೂ ಬಾಳಲು ನನ್ನಿಂದಾಗದು.

ಅಧಿಕಾರಿ ಬಂದು ಕೇಳಲಿ. ಅವರಿಗೆ ತೋಚಿದ್ದನ್ನು ಅವರು ಹೇಳಲಿ.

ಇಂತಿ,
ಮನೆಯವಳು

*

ಮೇ 6

ಎಲ್ಲರ ಮನಸ್ಸೂ ನಿನಗೆ ಅರ್ಥವಾಗುತ್ತದೆ, ಕಟ್ಟಿಕೊಂಡವನದ್ದೊಂದು ಬಿಟ್ಟು.

ಇಲ್ಲಿ ನನ್ನ ಜೊತೆ ಇರುವವರನ್ನು ನೋಡಲು ತಿಂಗಳಿಗೊಮ್ಮೆ ಹೆಂಡತಿಯರು ಬರುತ್ತಾರೆ. ನಿನ್ನವಳು ಯಾಕೆ ಬರುವುದಿಲ್ಲ ಎಂದು ಕೇಳುತ್ತಾರೆ. ನನ್ನನ್ನು ಇಲ್ಲಿಗೆ ಅವಳೇ ಕಳಿಸಿದ್ದು ಎನ್ನುತ್ತೇನೆ. ನಗುತ್ತಾರೆ.

ಇನ್ನು ಗಿಡಗಳ ವಿಷಯಕ್ಕೂ ಬರೆಯಬೇಡ.

*

ಜೂನ್ 14

ನಿಮಗೆ,

ಬರೆಯಬೇಡ ಎಂದಿದ್ದೀರಿ. ಆದರೆ ಇದನ್ನು ನೀವು ಬೇರೆ ಯಾರ ಬಾಯಿಂದಲೋ ಕೇಳುವುದಕ್ಕಿಂತ ನನ್ನಿಂದ ಕೇಳುವುದು ಮೇಲು.

ಅಧಿಕಾರಿ ಗುರುವಾರ ಬಂದಿದ್ದರು. ಶುಕ್ರವಾರ ಬೆಳಿಗ್ಗೆ ನಾನು ದೊರೆಸಾನಿಯ ಬಾಡಿದ ಹೂ ಚಿವುಟುತ್ತಿದ್ದೆ. ಈ ಸಲ ಒಂದೊಂದು ಹೂವೂ ಬಟ್ಟಲಿನಷ್ಟು, ಎಸಳಿನ ಒಳಗೆ ಎಸಳು ತುಂಬಿ, ಬೀದಿಯವರೆಗೂ ವಾಸನೆ. ಅವರು ಗೋಡೆಗೆ ಬಂದು ನೇರವಾಗಿ ಹೇಳಿದರು.

"ಬಿಡಬೇಡಿ ಅಂದೆ."

ನಾನು ಇನ್ನೊಂದು ಹೂ ಚಿವುಟಿದೆ.

"ಪೂರ್ತಿ ಇರ್ಲಿ ಅಂದೆ. ನಿಮಗೆ ಬೇರೆಯವರು ಹೇಳೋ ಮೊದಲು ನಾನೇ ಹೇಳೋಣ ಅಂತ ಬಂದೆ. ಕೇಳ್ತಾ ಇದೀರಾ?"

"ಕೇಳಿಸ್ತು."

"ಒಂದು ಮಾತು ಕೇಳ್ತೀನಿ. ಇಷ್ಟು ದಿನ ನನ್ನ ಹತ್ರ ನೀವು ಯಾಕೆ ಕೇಳ್ಲಿಲ್ಲ? ಕೇಳ್ತೀರಿ, ಕೇಳ್ತೀರಿ ಅಂತ ಕಾಯ್ತಾ ಇದ್ದೆ. ಕೇಳಿದ್ದಿದ್ರೆ ಅವತ್ತೇ ಗೋಡೆ ಹತ್ರ ಬರೋದು ಬಿಡ್ತಿದ್ದೆ."

ನನಗೆ ಅಳು ಬಂತು. ನಿಮಗಾಗಿ ಬಂತೋ, ನನಗಾಗಿಯೋ ಗೊತ್ತಿಲ್ಲ. ಅವರು ಸಮಾಧಾನ ಮಾಡಲಿಲ್ಲ. ಹಾಗಂತ ಬಿಟ್ಟು ಹೋಗಲೂ ಇಲ್ಲ. ನಾನು ಅತ್ತು ಮುಗಿಸುವವರೆಗೆ ಆಚೆ ನಿಂತು ತಮ್ಮ ಗಿಡದ ಹಳದಿ ಎಲೆ ಕೀಳುತ್ತಿದ್ದರು.

ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡು ದಿನ ತೋಟಕ್ಕೆ ಕಾಲಿಡಲಿಲ್ಲ. ಮೂರನೆಯ ದಿನ ಹೋದೆ. ಗಿಡಕ್ಕೆ ನೀರು ಬೇಕಿತ್ತು.

ಇಂತಿ,
ಮನೆಯವಳು

*

ಆಗಸ್ಟ್ 3

ನಿಮಗೆ,

ಉತ್ತರವಿಲ್ಲ. ಕಾಗದ ವಾಪಸು ಬರಲಿಲ್ಲ, ಆದ್ದರಿಂದ ತಲುಪಿದೆ ಎಂದುಕೊಂಡಿದ್ದೇನೆ.

ಎಲೆಗಳ ಮೇಲೆ ಕಪ್ಪು ಚುಕ್ಕೆ ಬಂದಿದೆ. ಉದುರಿದ್ದನ್ನೆಲ್ಲ ಹೆಕ್ಕಿ ಸುಡುತ್ತಿದ್ದೇನೆ. ಮಳೆ ಇಲ್ಲದ ದಿನ ಎಲೆಗೆ ತಾಗದ ಹಾಗೆ ಬುಡಕ್ಕೇ ನೀರು ಹಾಕುತ್ತಿದ್ದೇನೆ. ನೀವು ಮಾಡುತ್ತಿದ್ದುದನ್ನು ನೋಡಿದ್ದು ನೆನಪಿತ್ತು. ನಮ್ಮ ಮೂರೂ ಪಾರಾಗುತ್ತವೆ. ಆಚೆ ಮೇಷ್ಟ್ರ ಹಳದಿ ಗುಲಾಬಿ ಸತ್ತಿತು. ಅವರಿಗೆ ಎಲ್ಲಕ್ಕಿಂತ ಪ್ರಿಯವಾದದ್ದು. ಬುಡ ಅಲ್ಲಾಡಿಸಿದರೆ ಕೈಗೇ ಬಂತು. ಅವರ ಹೆಂಡತಿ ಅದೇ ಗುಂಡಿಯಲ್ಲಿ ಇನ್ನೊಂದು ಹಳದಿ ನೆಡಬೇಕೆನ್ನುತ್ತಾರೆ.

ವ್ಯಾನು ಮಾರಿದೆ. ನಿಮ್ಮನ್ನು ಕೇಳಲಿಲ್ಲ. ಅದು ಶೆಡ್ಡಿನಲ್ಲಿದ್ದಷ್ಟು ದಿನ ಅವರು ಶೆಡ್ಡಿನ ಕಡೆಯ ಕಿಟಕಿಯ ಪರದೆ ತೆಗೆಯುತ್ತಿರಲಿಲ್ಲ.

ನಿಮ್ಮ ಆರೋಗ್ಯ ಹೇಗಿದೆ ಎಂದಾದರೂ ಒಂದು ಸಾಲು ಬರೆಯಿರಿ.

ಇಂತಿ,
ಮನೆಯವಳು

*

ಅಕ್ಟೋಬರ್ 22

ಆರೋಗ್ಯ ಸರಿಯಾಗಿದೆ. ಕಾಗದಗಳು ತಲುಪಿವೆ.

ಜೂನ್ ತಿಂಗಳಿನದನ್ನು ಹರಿದು ಹಾಕಿದೆ. ಆಮೇಲೆ ಚೂರು ಹೆಕ್ಕಿ ಜೋಡಿಸಿ ಓದಿದೆ. ಅವರು ಬಿಡಬೇಡಿ ಎಂದದ್ದಕ್ಕೆ ಅವರ ಮೇಲೂ, ಅವರನ್ನು ಕೇಳದೆ ಇದ್ದುದಕ್ಕೆ ನಿನ್ನ ಮೇಲೂ ಸಿಟ್ಟು ಮಾಡಿಕೊಂಡು ಮಳೆಗಾಲವನ್ನೆಲ್ಲ ಕಳೆದೆ. ಇಲ್ಲಿ ಸಿಟ್ಟಿಗೆ ಬೇಕಾದಷ್ಟು ಬಿಡುವಿದೆ. ಆದರೆ ದಿನಾ ಒಂದೇ ಸಿಟ್ಟನ್ನು ಎಷ್ಟು ದಿನ ಮಾಡುವುದು? ಒಂದು ಬೆಳಿಗ್ಗೆ ತಿಂಡಿಗೆ ಸಾಲಿನಲ್ಲಿ ನಿಂತಾಗ, ನಾನೇ ಮೇಷ್ಟ್ರಾಗಿ ಅವರು ವ್ಯಾನಿನಲ್ಲಿದ್ದಿದ್ದರೆ ನೀನು ಅಧಿಕಾರಿಗೆ ಏನು ಹೇಳುತ್ತಿದ್ದೆ ಎಂದು ಯೋಚನೆ ಬಂತು. ತಟ್ಟೆ ಹಿಡಿದು ನಿಂತೇ ಇದ್ದೆ. ಹಿಂದಿನವನು ತಳ್ಳಿದ.

ಮುಂದಿನದು ಅವರಿಗೆ. ಯಾರು ಹೇಳಿದ್ದು ಎಂದು ತಿಳಿಸಿಯೇ ಓದು. ಬೇಡ ಎಂದರೆ ನಿಲ್ಲಿಸಿಬಿಡು.

ಗುಲಾಬಿ ಸತ್ತ ಜಾಗದಲ್ಲಿ ಗುಲಾಬಿ ನೆಟ್ಟರೆ ಏಳುವುದಿಲ್ಲ. ಆ ಮಣ್ಣು ಹೊಸ ಬೇರನ್ನು ಸೇರಿಸುವುದಿಲ್ಲ. ಗಿಡ ಸಾಯದಿದ್ದರೂ ಕುಂಟುತ್ತಲೇ ಇರುತ್ತದೆ. ಬೇರೆ ಕಡೆ ನೆಡುವುದು ಒಳ್ಳೆಯದು. ಅಲ್ಲೇ ಬೇಕೆಂದರೆ ಮೊಣಕಾಲಿನಷ್ಟು ಆಳ, ತೋಳು ಚಾಚಿದಷ್ಟು ಅಗಲ ಅಗೆದು ಹಳೆಯ ಮಣ್ಣನ್ನೆಲ್ಲ ತೆಗೆದುಬಿಡಬೇಕು. ಗುಲಾಬಿ ಬೆಳೆಯದ ಕಡೆಯಿಂದ ಮಣ್ಣು ತಂದು, ಗೊಬ್ಬರ ಸೇರಿಸಿ ತುಂಬಬೇಕು. ಕಸಿಯ ಗಂಟು ಮಣ್ಣಿನೊಳಗೆ ಎರಡು ಬೆರಳು ಮುಳುಗಲಿ. ಕಷ್ಟದ ಕೆಲಸ, ಒಬ್ಬರಿಂದ ಆಗದು.

ನಮ್ಮ ತರಕಾರಿ ಮಡಿಯ ಮಣ್ಣು ಒಳ್ಳೆಯದಿದೆ. ಎಷ್ಟು ಬೇಕೋ ಅಷ್ಟು ಕೊಡು.

— ನಾನು

*

ಜನವರಿ 18

ನಿಮಗೆ,

ಅವಧಿ ಮುಗಿದು ನಿಮ್ಮ ಬಿಡುಗಡೆಯಾಗುವ ದಿನ ತಿಳಿಯಿತು. ತಡಮಾಡಿ ಬರೆಯುತ್ತಿರುವುದಕ್ಕೆ ಕಾರಣವಿದೆ, ಹೇಳುತ್ತೇನೆ.

ನಿಮ್ಮ ಕಾಗದವನ್ನು ಅವರಿಗೆ ಓದಿದೆ, ಯಾರದೆಂದು ಹೇಳಿಯೇ. ಬೇಡ ಎನ್ನಲಿಲ್ಲ. ನರ್ಸರಿಯಿಂದ ಹೊಸ ಹಳದಿ ಗುಲಾಬಿ, ಮಣ್ಣಿಲ್ಲದ ಬರಿಬೇರಿನಲ್ಲಿ, ಒದ್ದೆ ಗೋಣಿಯಲ್ಲಿ ಸುತ್ತಿ ಬಂತು. ಇಬ್ಬರೂ ಅಗೆದೆವು. ನನ್ನ ಸೊಂಟ ಹಿಡಿದುಕೊಂಡಿತು, ಅವರ ಅಂಗೈಯಲ್ಲಿ ಬೊಬ್ಬೆ ಬಂದಿತು. ನಮ್ಮ ಮಡಿಯ ಮಣ್ಣನ್ನು ಬಕೆಟಿನಲ್ಲಿ ಗೋಡೆಯ ಮೇಲಿಂದ ದಾಟಿಸುವಾಗ ಅರ್ಧ ಬಕೆಟು ನನ್ನ ತಲೆಯ ಮೇಲೇ ಸುರಿಯಿತು. "ಥೂ, ಸರಿಯಾಗಿ ಹಿಡ್ಕೊಳ್ಳೇ" ಎಂದು ಅವರು ಬೈದರು. ಬೈದದ್ದು ಏಕವಚನದಲ್ಲಿ ಎಂಬುದು ನನಗೆ ಹೊಳೆದದ್ದು ರಾತ್ರಿ ತಲೆ ತೊಳೆಯುವಾಗ.

ನಿಮ್ಮ ದಿನ ಗೊತ್ತಾದ ಮೇಲೆ ನಾನೇ ಹೋಗಿ ಅವರಿಗೆ ಹೇಳಿದೆ. ಒಂದು ವಾರ ತೋಟಕ್ಕೆ ಬರಲಿಲ್ಲ. ಮನೆ ಮಾರಿ ಹೋಗುತ್ತಾರೆ ಎಂದೇ ನಾನು ತಿಳಿದೆ. ನಾವೇ ಹೋಗಬೇಕೆಂದೂ ಲೆಕ್ಕ ಹಾಕಿದೆ. ನಿನ್ನೆ ಬಂದರು.

"ಅವನ ಮುಖ ನನಗೆ ನೋಡೋಕಾಗಲ್ಲ. ಮುಂದೂ ಆಗುತ್ತೋ ಇಲ್ಲವೋ ಗೊತ್ತಿಲ್ಲ. ಕ್ಷಮಿಸಿದೆ ಅಂತ ನನ್ನ ಬಾಯಲ್ಲಿ ಹೇಳಿಸಬೇಡ," ಅಂದರು.

"ಇಲ್ಲ ಅಕ್ಕ."

"ಬೆಳಿಗ್ಗೆ ಹೊತ್ತು ತೋಟದಲ್ಲಿ ನಾನಿರ್ತೀನಿ. ಮಧ್ಯಾಹ್ನದ ಊಟ ಆಗೋವರೆಗೆ ಅವನು ಹೊರಗೆ ಬರಬಾರದು. ಗೇಟಿಗೂ ಬರಬಾರದು. ಸಂಜೆ ಅವನು ಏನಾದ್ರೂ ಮಾಡ್ಕೊಳ್ಳಲಿ. ನಾನು ಆ ಕಡೆ ಕಿಟಕಿ ಹಾಕ್ಕೊಂಡಿರ್ತೀನಿ." ಹೊರಟವರು ತಿರುಗಿ ನಿಂತು, "ಹಳದಿದನ್ನ ಮೊದಲನೇ ವರ್ಷ ಸವರಬೇಕಾ ಬೇಡವಾ, ಕೇಳಿ ಹೇಳು," ಅಂದರು.

ಇದು ಅವರ ಮಾತು. ಈಗ ನನ್ನದು.

ನಾನು ಹೇಳಿದ ಸಾಕ್ಷಿಗೆ ನಿಮ್ಮಲ್ಲಿ ತಪ್ಪಾಯಿತು ಎನ್ನುವುದಿಲ್ಲ. ಎಂದಾದರೂ ಅನ್ನುತ್ತೇನೆಂದು ಕಾಯುವುದಾದರೆ ಈಗಲೇ ಬೇಡ. ಅದನ್ನು ಹೇಳಿದವಳ ಜೊತೆ ಒಂದೇ ಸೂರಿನಡಿ, ಒಂದೇ ಮೇಜಿನಲ್ಲಿ ಊಟ ಮಾಡಿಕೊಂಡು ಇರಬಲ್ಲಿರಾದರೆ ಬನ್ನಿ. ಆಗದಿದ್ದರೆ ಅದನ್ನೂ ನೇರವಾಗಿ ಬರೆಯಿರಿ. ಚಳಿ ಇನ್ನೂ ಇದೆ, ಗಿಡ ಮಲಗಿರುವಾಗಲೇ ಬುಡ ಸಮೇತ ಕಿತ್ತು ಗೋಣಿ ಸುತ್ತಿ ಇಟ್ಟಿರುತ್ತೇನೆ. ಮೂರನ್ನೂ ನೀವು ಹೋಗುವ ಕಡೆ ಒಯ್ಯಬಹುದು. ನಾನು ಇಲ್ಲೇ ಇರುತ್ತೇನೆ.

ಇಂತಿ,
ಮನೆಯವಳು

*

ಫೆಬ್ರವರಿ 2

ಇವಳೇ,

ಗಿಡ ಕೀಳಬೇಡ.

ಹಳದಿಯದಕ್ಕೆ ಮೊದಲನೇ ವರ್ಷ ಕತ್ತರಿ ತೋರಿಸಬಾರದು ಎಂದು ಅವರಿಗೆ ಹೇಳು. ಒಣಗಿದ ತುದಿ ಇದ್ದರೆ ಅಷ್ಟು ಮಾತ್ರ.

ಸಾಕ್ಷಿಯ ವಿಷಯಕ್ಕೆ ನೀನು ತಪ್ಪಾಯಿತು ಎನ್ನಬೇಕಾಗಿಲ್ಲ. ಇದನ್ನು ಬರೆಯಲು ನಾಲ್ಕು ಹಾಳೆ ಹಾಳುಮಾಡಿದ್ದೇನೆ, ಇದಕ್ಕಿಂತ ಚೆನ್ನಾಗಿ ಬರೆಯಲು ಬರುತ್ತಿಲ್ಲ. ಮೊನ್ನೆ ಹೊಸದಾಗಿ ಬಂದವನೊಬ್ಬ, ಯಾರು ಕಳಿಸಿದರು ನಿನ್ನನ್ನು ಎಂದು ಕೇಳಿದ. ನಿನ್ನ ಹೆಸರು ಹೇಳಲಿಲ್ಲ.

ಎದುರು ಬದುರು ಕೂತು ಊಟ ಮಾಡುವುದು ಮೊದಲಿಗೆ ಕಷ್ಟವಾಗುತ್ತದೆ. ನಿನಗೂ ಆಗುತ್ತದೆ. ಮಾತು ಬರದಿದ್ದರೆ ಸುಮ್ಮನೆ ಉಣ್ಣೋಣ.

ಶನಿವಾರ ಬೆಳಿಗ್ಗೆಯೇ ಬಿಡುತ್ತಾರೆ. ಮೊದಲ ಬಸ್ಸು ಹಿಡಿದರೆ ತಿಂಡಿ ಹೊತ್ತಿಗೆ ಮನೆಯಲ್ಲಿರಬಹುದು. ಆದರೆ ಆ ಹೊತ್ತು ಅವರದು. ಬಸ್ ನಿಲ್ದಾಣದಲ್ಲೇ ಕೂತಿದ್ದು ಸಂಜೆಯ ಮೇಲೆ ಬರುತ್ತೇನೆ.

ಇಂತಿ,
ನಿನ್ನವನು